ನಾನು ಕಟ್ಟಿದ ಸುಳ್ಳು ನಿಜವಾದದ್ದು

ಕೊಳ್ಳೇಗಾಲದ ಟಾಕೀಸಿನಲ್ಲಿ ಇಪ್ಪತ್ತೆಂಟು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು ನಾನು. ನಮ್ಮ ಸೀಮೆಯಲ್ಲಿ ಸಿನಿಮಾ ನಟರ ಬಗ್ಗೆ ಹಬ್ಬಿದ ಗಾಳಿಸುದ್ದಿಗಳಲ್ಲಿ ಮುಕ್ಕಾಲು ಪಾಲು ನನ್ನ ಕ್ಯಾಬಿನ್ನಿನಲ್ಲೇ ಹುಟ್ಟಿದ್ದು. ಇಂಟರ್ವೆಲ್ಲಿನಲ್ಲಿ ಬೀಡಿ ಹಚ್ಚಿಕೊಂಡು ಕೆಳಗಿಳಿದು, "ಆ ಹೀರೋ ಯಾಕಿನ್ನೂ ಮದ್ವೆ ಆಗಿಲ್ಲ ಗೊತ್ತೇನ್ಲಾ?" ಎಂದು ಸೋಡಾ ಮಾರುವವನ ಕಿವಿಗೆ ಹಾಕಿದರೆ ಸಾಕು, ಮಾರನೇ ದಿನ ಅದು ಹನೂರಿನಲ್ಲಿ, ಅದರ ಮಾರನೇ ದಿನ ರಾಮಾಪುರದಲ್ಲಿ. ಒಮ್ಮೆ ಆ ಹೀರೋನ ಅಭಿಮಾನಿಗಳು ನಾಲ್ಕು ಜನ ಯಳಂದೂರಿನಿಂದ ಸೈಕಲ್ ತುಳಿದುಕೊಂಡು ಬಂದರು. "ಯಾವನ್ಲಾ ಅದು ಅಂದೋನು?" ಎಂದು ಗೇಟಿನಲ್ಲಿ ಕೂಗಾಡಿದರು. ನಾನೇ ಅವರ ಜೊತೆ ಸೇರಿಕೊಂಡು ಅರ್ಧ ಗಂಟೆ ಆ ಅಯೋಗ್ಯನನ್ನು ಹುಡುಕಿದೆ. ಹೋಗುವಾಗ ನನಗೆ ಟೀ ಕೊಡಿಸಿ ಹೋದರು.

ಟಾಕೀಸು ಮುಚ್ಚಿತು, ನನ್ನ ಬಾಯಿ ಮುಚ್ಚಲಿಲ್ಲ. ಈಗ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯ ಬೆಂಚೇ ನನ್ನ ಕ್ಯಾಬಿನ್ನು.

ಮೂರು ಬೀದಿ ಆಚೆಯ ಮನೆಯ ಹುಡುಗನೊಬ್ಬ ಟಿವಿ ಸೀರಿಯಲ್ಲಿನಲ್ಲಿ ಪಾರ್ಟು ಮಾಡುತ್ತಾನೆ. ಅದರ ಕಥೆಯಲ್ಲಿ ಒಂದೇ ಬಾಡಿಗೆ ರೂಮಿನಲ್ಲಿರುವ ಇಬ್ಬರು ಗೆಳೆಯರು. ಅವರಲ್ಲಿ ಒಬ್ಬನಿಗೆ ಇನ್ನೊಬ್ಬನ ಮೇಲೆ ಪ್ರೀತಿ. ಪ್ರೀತಿಸುವವನು ನಮ್ಮ ಹುಡುಗ. ಬೀದಿಯ ಹೆಂಗಸರು ಸೌಂಡು ಕಮ್ಮಿ ಮಾಡಿಕೊಂಡು ನೋಡಿ "ಪಾಪ" ಅನ್ನುತ್ತಾರೆ. ಗಂಡಸರು ವಾರ್ತೆಗೆ ಕಾಯುತ್ತಿರುವವರ ಹಾಗೆ ಮುಖ ಮಾಡಿಕೊಂಡು ಪೂರ್ತಿ ನೋಡುತ್ತಾರೆ. ನಾನೂ ಒಂದು ಎಪಿಸೋಡು ಬಿಟ್ಟವನಲ್ಲ.

ಒಂದು ದಿನ ಟೀ ಅಂಗಡಿಯಲ್ಲಿ ಯಾರೋ, "ಹುಡ್ಗ ಎಂಗೆ ಆಕ್ಟ್ ಮಾಡ್ತನೆ ನೋಡು" ಅಂದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಆಕ್ಟಿಂಗಾ? ಲೇ, ಇಪ್ಪತ್ತೆಂಟು ವರ್ಸ ದಿನಕ್ಕೆ ನಾಕು ಆಟ ನೋಡಿರೋನು ನಾನು. ಅದು ಒರಿಜಿನಲ್ಲು ಕಣ್ಲಾ."

ಅಷ್ಟೇ. ಹದಿನೈದು ದಿನ ಬಿಟ್ಟು ಹನೂರಿಗೆ ಹೋಗಿದ್ದಾಗ ಕ್ಷೌರದ ಅಂಗಡಿಯವನು ನನ್ನ ಗಲ್ಲಕ್ಕೆ ಸೋಪು ಹಚ್ಚುತ್ತ, "ನಿಮ್ಮೂರ ಸೀರಿಯಲ್ ಹುಡ್ಗ ಆ ಜೊತೆಗಾರಂಗೇ ತಮಿಳುನಾಡ್ ಕಡೆ ದೇವಸ್ಥಾನದಲ್ಲಿ ತಾಳಿ ಕಟ್ಟವ್ನಂತಲ್ಲ, ದಿಟವಾ ಸಾ?" ಅಂದ. ತಾಳಿಯೂ ದೇವಸ್ಥಾನವೂ ನನ್ನದಲ್ಲ. ಆದರೂ ಬೀಜ ನನ್ನದೇ. ಸೋಪಿನ ಒಳಗೇ ಹೆಮ್ಮೆಯಿಂದ ನಕ್ಕೆ.

ಅದರ ಮಾರನೇ ದಿನ ಮಧ್ಯಾಹ್ನ ಹುಡುಗ ನನ್ನ ಮನೆಗೇ ಬಂದ. ಟಿವಿಯಲ್ಲಿ ಕಾಣುವುದಕ್ಕಿಂತ ಕುಳ್ಳು, ಕಪ್ಪು. ಬಾಗಿಲು ಹಾಕಿಕೊಂಡ. ಹೊಡೆಯುತ್ತಾನೆ ಎಂದುಕೊಂಡು ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

"ತಾತ, ನಿಂಗೆ ಯಾರು ಏಳುದ್ರು?"

"ಏನ್ನ?"

"ಅದೇ. ನನ್ನ ವಿಚಾರ. ಬೆಂಗ್ಳೂರಲ್ಲಿ ಇಬ್ರುಗೆ ಮಾತ್ರ ಗೊತ್ತಿರೋದು. ಇಲ್ಲಿ ಯಾರ್ಗೂ ಇಲ್ಲ. ಯಾರು ಏಳುದ್ರು ಏಳು ತಾತ, ನಿನ್ ಕಾಲು ಇಡ್ಕತೀನಿ."

ನನಗೆ ತಕ್ಷಣ ಬಂದದ್ದು ಅನುಮಾನ. ಇವನು ನಟ. ನಾನು ಅವನ ಮೇಲೆ ಕತೆ ಕಟ್ಟಿದ್ದಕ್ಕೆ ಈಗ ಅವನು ನನ್ನ ಮೇಲೆ ಕಟ್ಟುತ್ತಿದ್ದಾನೆ. ಅವನ ಅಂಗಿ ಜೇಬಿನಲ್ಲಿ ಫೋನು ನೆಟ್ಟಗೆ ನಿಂತಿತ್ತು, ಕ್ಯಾಮೆರಾ ನನ್ನ ಕಡೆಗೆ. ರೆಕಾರ್ಡ್ ಮಾಡಿ ಊರಿಗೆಲ್ಲ ಕಳಿಸುತ್ತಾನೆ ಎಂದು, "ಆ ಫೋನು ಅತ್ಲಾಗಿ ಮಡುಗು" ಅಂದೆ. ತೆಗೆದು ಕಿಟಕಿಯ ಮೇಲೆ ಬೋರಲು ಇಟ್ಟ. ನೀರು ಕೇಳಿದ. ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಕೂತ.

"ಬಲೇ ಆಕ್ಟ್ ಮಾಡ್ತಿಯ ಕಣಪ್ಪ" ಅಂದೆ.

"ಸೀರಿಯಲ್ಲಲ್ಲಿ ನಾನು ಆಕ್ಟ್ ಮಾಡ್ತಿಲ್ಲ ತಾತ. ಮನೇಲಿ ಮಾಡ್ತಿವ್ನಿ."

ನಾನು ಇನ್ನೂ ನಂಬಲಿಲ್ಲ. ಆಮೇಲೆ ಅವನು ಒಂದು ಹಳೇ ಸಂಗತಿ ಹೇಳಿದ. ಅವನಿಗೆ ಆರೋ ಏಳೋ ವರ್ಷವಿದ್ದಾಗ ಅಪ್ಪನ ಜೊತೆ ನಮ್ಮ ಟಾಕೀಸಿಗೆ ಬಂದಿದ್ದನಂತೆ. ಚಿತ್ರದಲ್ಲಿ ಸೊಂಟ ಬಳುಕಿಸಿ ಮಾತಾಡುವ ಗಂಡಸೊಬ್ಬ ಬಂದು ಹೀರೋನ ಕೆನ್ನೆ ಮುಟ್ಟುತ್ತಾನೆ, ಹೀರೋ ಒದೆಯುತ್ತಾನೆ. ಆಗ ಇದ್ದಕ್ಕಿದ್ದಂತೆ ಸೌಂಡು ಜೋರಾಯಿತಂತೆ. ಇಡೀ ಗಾಂಧಿಕ್ಲಾಸು ಬೆಂಚು ಕುಟ್ಟಿ ನಕ್ಕಿತು, ಅಪ್ಪ ನಕ್ಕ. "ನಾನೂವೆ ನಕ್ಕೆ ತಾತ. ನಗ್ದೆ ಇದ್ರೆ ಅಪ್ಪಂಗೆ ಗೊತ್ತಾಯ್ತದೆ ಅಂತ."

ಇದನ್ನು ಯಾವ ನಟನೂ ಕಟ್ಟಲಾರ. ಅಂಥ ಕಾಮಿಡಿ ಸೀನು ಬಂದಾಗಲೆಲ್ಲ ಸೌಂಡು ಏರಿಸುತ್ತಿದ್ದದ್ದು ನಾನೇ. ಜನ ನಕ್ಕರೆ ನಾನೇ ನಗಿಸಿದೆ ಎಂದು ಕ್ಯಾಬಿನ್ನಿನಲ್ಲಿ ತೊಡೆ ತಟ್ಟಿಕೊಳ್ಳುತ್ತಿದ್ದೆ. ಇದು ನನಗೂ ಮಿಷನ್ನಿಗೂ ಮಾತ್ರ ಗೊತ್ತಿದ್ದ ವಿಷಯ.

"ಯಾರೂ ಏಳ್ನಿಲ್ಲ ಕಣಪ್ಪ" ಅಂದೆ. "ಸುಮ್ಕೆ ರೀಲು ಬುಟ್ಟೆ."

ಅವನು ನನ್ನನ್ನು ನೋಡಿದ. ಈಗ ಅನುಮಾನ ಅವನದು. ಲೋಟ ಕೆಳಗಿಟ್ಟು ಹೇಳಿದ: ಮನೆಯಲ್ಲಿ ಹೆಣ್ಣು ನೋಡಿದ್ದಾರೆ, ಯಳಂದೂರಿನ ಹುಡುಗಿ, ಟೀಚರು. ಅವರ ಕಡೆಯವರು ವಿಚಾರಿಸಲು ಈ ವಾರ ಬರುತ್ತಾರೆ. "ನಿನ್ ಸುದ್ದಿ ಸುಳ್ಳು ಅಂತ ನೀನೇ ಏಳ್ಬೇಕು ತಾತ. ಅವ್ವನ ಕಿವಿಗೆ ಬಿದ್ರೆ ಅವ್ಳು ಉಳಿಯಕಿಲ್ಲ. ಆದ್ರೆ ಮದ್ವೆನೂ ಆಗ್ಬಾರ್ದು. ಆ ಹುಡ್ಗಿ ಏನ್ ಪಾಪ ಮಾಡವ್ಳೆ?"

ಸುದ್ದಿ ಸುಳ್ಳಾಗಬೇಕು, ಮದುವೆಯೂ ನಿಲ್ಲಬೇಕು. ನನ್ನ ಇಡೀ ಸರ್ವೀಸಿನಲ್ಲಿ ಇಂಥ ಆರ್ಡರು ಯಾರೂ ಕೊಟ್ಟಿರಲಿಲ್ಲ.

ಅಂದಹಾಗೆ, ಓದುತ್ತಿರುವ ನಿಮ್ಮ ಮೇಲೂ ನನಗೆ ಅನುಮಾನವಿದೆ. ಆ ಹುಡುಗನನ್ನು ಹುಡುಕಲು ಹೊರಡಬೇಡಿ. ಬೀದಿ, ಮನೆ, ಸೀರಿಯಲ್ಲಿನ ಕಥೆ, ಎಲ್ಲ ಬದಲಾಯಿಸಿದ್ದೇನೆ. ಹುಡುಗನೇ ಓದಿ, "ಇದ್ಯಾರ ಮನೆ ಕತೆ ತಾತ?" ಎಂದು ನಕ್ಕ ಮೇಲೇ ಅಚ್ಚಿಗೆ ಕೊಟ್ಟದ್ದು.

ನಮ್ಮ ಕಡೆ ಹೆಣ್ಣಿನ ಕಡೆಯವರು, ಹೆಚ್ಚಾಗಿ ಸೋದರಮಾವನೇ, ವಿಚಾರಿಸಲು ಬಂದರೆ ನೇರವಾಗಿ ಕೇಳುವುದಿಲ್ಲ. ಗಂಡಿನ ಮನೆಯ ಹತ್ತಿರದ ಟೀ ಅಂಗಡಿಯಲ್ಲಿ ಕೂತು ಇನ್ನೇನೋ ಕೇಳುತ್ತಾರೆ. ಗುರುವಾರ ಬೆಳಿಗ್ಗೆ ಇಸ್ತ್ರಿ ಅಂಗಿಯವನೊಬ್ಬ ಬಂದು ನನ್ನ ಪಕ್ಕದಲ್ಲಿ ಕೂತ.

"ಈ ಕಡೆ ಸೈಟು ಏನಾದ್ರೂ ಇದ್ದದಾ ಯಜಮಾನ್ರೆ?"

ಸೈಟು ನೋಡಲು ಬಂದವನ ಚಪ್ಪಲಿಗೆ ಒಂದು ಚೂರು ಮಣ್ಣಿಲ್ಲ. "ಸೈಟಿಗೆ ಸೋದರಮಾವನ್ನ ಕಳ್ಸವ್ರ?" ಅಂದೆ. ಟೀ ಅವನ ಅಂಗಿಯ ಮೇಲೆ ಚೆಲ್ಲಿತು.

ಹುಡುಗಿಯ ಸೋದರಮಾವನೇ ಅವನು. ದನಿ ತಗ್ಗಿಸಿ ಕೇಳಿದ: "ಟೀವಿಲಿ ತೋರುಸ್ತರಲ್ಲ, ಹುಡ್ಗ ಅಂಗೇ ಅಂತ ಜನ ಅಂತರೆ..."

"ಆ ಜನ ನಾನೇ. ಸುಳ್ಳು ಕಟ್ಟೋದು ನನ್ನ ಚಾಳಿ. ಇಲ್ಲೇ ಕೇಳಿ ಯಾರ್ನಾದ್ರೂ."

ಟೀ ಅಂಗಡಿಯವನು ಒಲೆಯ ಹಿಂದಿನಿಂದಲೇ, "ಇವ್ನ ಮಾತ್ ನಂಬುದ್ರೆ ಕೆಟ್ರಿ ಸಾ" ಅಂದ. ಇಷ್ಟು ವರ್ಷದಲ್ಲಿ ಅವನಿಂದ ನನಗೆ ಆದ ಒಂದೇ ಉಪಕಾರ ಅದು.

ಸೋದರಮಾವನ ಮುಖ ಅರಳಿತು. ಅರಳಿದ್ದೇ ನನಗೆ ಭಯ. ಮದುವೆ ನಡೆದೇಬಿಡುತ್ತದೆ. "ಆದ್ರೆ ಒಂದು ತೊಡಕದೆ" ಅಂದೆ. "ಸೀರಿಯಲ್ ಕಂಪನಿಗೆ ಬಾಂಡು ಬರ್ಕೊಟ್ಟವ್ನೆ. ಐದು ವರ್ಸ ಮದ್ವೆ ಆಗಂಗಿಲ್ಲ. ಆಗ್ಬುಟ್ರೆ ಕೋರ್ಟು."

"ಅವ್ರ ತಾಯಿ ಏಳ್ನಿಲ್ವಲ್ಲ?"

"ತಾಯ್ಗೆ ಗೊತ್ತಿದ್ರೆ ತಾನೆ?"

ಅವನು ನನ್ನನ್ನು ಮೇಲಿಂದ ಕೆಳಗೆ ಅಳೆದ. ಸುಳ್ಳಿಗೆ ಹೆಸರಾದವನು ಎಂದು ಈಗಷ್ಟೇ ಕೇಳಿದ್ದಾನೆ. ಆದರೆ ಕೆಟ್ಟ ಸುದ್ದಿಯನ್ನು ಜನ ಬೇಗ ಬಿಡುವುದಿಲ್ಲ. ಆಚೆ ಹೋಗಿ ನಿಂತು ಫೋನು ಮಾಡಿದ. ಹುಡುಗಿಗೆ ಇಪ್ಪತ್ತಾರು, ಐದು ವರ್ಷ ಕಾಯಿಸಲು ಆಗುವುದಿಲ್ಲ ಎನ್ನುವುದು ಕೇಳಿಸಿತು. ಟೀ ಮುಗಿಸದೆ ಯಳಂದೂರು ಬಸ್ಸು ಹತ್ತಿದ.

ಭಾನುವಾರ ಸಂಜೆ ಹುಡುಗನ ತಾಯಿ ಟೀ ಅಂಗಡಿಗೇ ಬಂದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಎಂದೂ ನನ್ನ ಎದುರು ದನಿ ಎತ್ತಿದವಳಲ್ಲ. ಬೀದಿಯ ಮಧ್ಯೆ ನಿಂತು, "ನಿನ್ ಬಾಯ್ಗೆ ಮಣ್ಣಾಕ! ಬಂದ ಸಂಬಂಧ ಮುರ್ದ್ಯಲ್ಲ" ಎಂದು ಶುರು ಮಾಡಿದಳು. ಹತ್ತು ಮಾತಿಗೆ ಹನ್ನೊಂದು ಕೊಡುವ ನಾನು ತಲೆ ತಗ್ಗಿಸಿ ಕೂತಿದ್ದೆ. ಜನ ಸೇರಿದರು, ನಕ್ಕರು, ಚದುರಿದರು. ಆಮೇಲೆ ಅವಳು ಬೆಂಚಿನ ಆ ತುದಿಯಲ್ಲಿ ಕೂತಳು.

"ಬಾಂಡು ದಿಟವಾ ಅಂತ ಮಗನ್ನ ಕೇಳ್ದೆ. ಔದು ಅಂದ. ಪೇಪರ್ ತೋರ್ಸು ಅಂದೆ, ಬೆಂಗ್ಳೂರಲ್ಲದೆ ಅಂದ."

"ಅಲ್ಲೇ ಇರ್ತದೆ ಕಣವ್ವ."

"ಮದ್ವೆ ಮುರುದ್ ದಿನ ಅವ್ನು ಎರಡು ಸಲ ಅನ್ನ ಆಕುಸ್ಕಂಡು ಉಂಡ. ತಿಂಗ್ಳಿಂದ ಸರ್ಯಾಗಿ ಉಂಡಿರ್ಲಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನೀವಿಬ್ರೂ ಸೇರ್ಕಂಡು ಏನೋ ಮುಚ್ಚಿ ಮಡಿಕಂಡಿದ್ದೀರಿ."

ನನ್ನ ಬಾಯಿಗೆ ಯಾವ ಸುಳ್ಳೂ ಬರಲಿಲ್ಲ.

"ಐದು ವರ್ಸ ಆದ್ಮೇಲೆ?" ಕೇಳಿದಳು.

"ಆಗ ನೋಡವ."

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಸೀರಿಯಲ್ಲಿನ ಹೊತ್ತಾಗಿತ್ತು.

"ಅಲ್ಲಿಗಂಟ ಸಾಯ್ಬೇಡ" ಅಂದಳು. "ಅವ್ನ ಕೇಳಕ್ಕೆ ನಂಗೆ ಧೈರ್ಯ ಇಲ್ಲ. ನಿನ್ನೇ ಕೇಳ್ತೀನಿ."