ಇಡೀ ಕುಂಬಳಕಾಯಿ

ಕಿತ್ತೂರಿನ ನಮ್ಮ ಓಣಿಯಲ್ಲಿ ಕುಂಬಳಕಾಯಿ ಎಂಬ ಮಾತಿಗೆ ಬಹಳ ಕೆಲಸವಿತ್ತು. ದುಂಡಗಿನ ಕೂಸನ್ನು ಎತ್ತಿಕೊಂಡವರು ಹಾಗೆಯೇ ಕರೆಯುತ್ತಿದ್ದರು. ಸಾಲಿಯಲ್ಲಿ ಸೊನ್ನೆ ಬಂದರೂ ಅದೇ ಹೆಸರು. ಆದರೆ ಒಡೆಯದ ಇಡೀ ಕಾಯಿ ಎಂದರೆ ಮನೆಯ ಹಿರಿಯ ಮಗ. ಹೆಂಗಸರು ಅದಕ್ಕೆ ಮೊದಲ ಏಟು ಹಾಕುವಂತಿರಲಿಲ್ಲ. ಗಂಡಸೊಬ್ಬ ಒಡೆದುಕೊಟ್ಟ ಮೇಲೆಯೇ ಹೋಳು ಮಾಡಬೇಕು.

ಹಾಗಾಗಿ ‘ಕುಂಬಳಕಾಯಿ ಕೊಯ್ದಾಕಿ’ ಎಂಬುದು ಮಗನನ್ನು ತಿಂದವಳೆಂಬ ಬೈಗುಳ. ಅದು ನನ್ನ ಸೋದರತ್ತೆಗೆ ಅಂಟಿಕೊಂಡಿತ್ತು. ಅವಳ ಒಬ್ಬನೇ ಮಗ ಎಳೆಯದರಲ್ಲೇ ತೀರಿದ್ದ. ಗಂಡನೂ ಹೋದ ಮೇಲೆ ತವರಿಗೆ ಬಂದು ನಮ್ಮ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು.

ಐವತ್ತರ ದಶಕದ ಮೊದಲ ವರ್ಷಗಳ ಮಾತು. ಚೊಚ್ಚಲ ಬಸುರಿಯಾಗಿ ಬಂದಿದ್ದ ಅಕ್ಕನಿಗೆ ಅಂದು ಕುಬಸ, ಎಂದರೆ ಸೀಮಂತ. ಬೆಳಿಗ್ಗೆಯೇ ದೇಗಾಂವದ ಗುಡಿಗೆ ಹೋದ ಅಪ್ಪ, ಕಾಕಾ ಹೊತ್ತಾದರೂ ಬರಲಿಲ್ಲ. ಅವ್ವ ನೆರೆಮನೆಯ ಯಜಮಾನರಿಗೆ ಹೇಳಿಕಳಿಸಿದರೆ ಅವರು ಪೂಜೆಗೆ ಕುಳಿತಿದ್ದರು. ಯರಗಟ್ಟಿಯ ಬಸ್ಸಿಗೆ ಬೀಗರು ಬರುವ ಹೊತ್ತಾಗಿತ್ತು. ಊಟದ ಪಲ್ಯಕ್ಕೆ ತಂದ ಕುಂಬಳಕಾಯಿ ಇನ್ನೂ ಇಡಿಯಾಗಿಯೇ ಇತ್ತು.

ಪಡಸಾಲೆಯಲ್ಲಿದ್ದ ನೆಂಟರ ಹೆಂಗಸೊಬ್ಬಳು, “ಒಳಗ ಒಬ್ಬಾಕಿ ಇದ್ದಾಳಲ್ಲಾ, ಆಕೀಗೆ ರೂಢಿ ಅದ” ಎಂದಳು. ಕೆಲವರು ನಕ್ಕರು.

ಅತ್ತೆ ಕೇಳಿಸಿಕೊಂಡಳು. ಈಳಿಗೆ ಎಳೆದುಕೊಂಡು ಕೂತು, ಕಾಯಿಯನ್ನು ಎರಡೂ ಕೈಯಿಂದ ಅಲಗಿಗೆ ಒತ್ತಿದಳು. ಅದು ಸೀಳಿದ ಸದ್ದಿಗೆ ಪಡಸಾಲೆಯ ನಗು ನಿಂತಿತು.

“ವನ್ಸ, ಬ್ಯಾಡ್ರಿ,” ಎಂದು ಅವ್ವ ತನ್ನ ಗಂಡನ ಅಕ್ಕನ ರಟ್ಟೆ ಹಿಡಿದಳು.

“ನನ್ನ ಮಗಾ ಇರೂತನಕಾ ಒಂದ ಇಡೀ ಕಾಯಿಗೆ ಅಲಗ ಹಚ್ಚಿದಾಕಿ ಅಲ್ಲ ನಾನು. ಎಲ್ಲಾ ನಮ್ಮ ಮನಿಯವರ ಒಡದ ಕೊಡತಿದ್ರು,” ಅತ್ತೆ ದನಿಯೇರಿಸದೆ ಹೇಳಿದಳು. “ಆದರೂ ಹೋತಲ್ಲ ಕೂಸು.”

ಹೇಳಿ ತಲೆಯೆತ್ತಿದಳು. ಬಾಗಿಲಲ್ಲಿ ಹಸಿರು ಸೀರೆಯುಟ್ಟ ಅಕ್ಕ, ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಯಾರಿಗೂ ಗೊತ್ತಿಲ್ಲ. ಅತ್ತೆ ತಟ್ಟನೆ ಸೀಳಿದ ಎರಡು ಹೋಳುಗಳನ್ನು ಒಂದಕ್ಕೊಂದು ಜೋಡಿಸಿ, ಬಿಗಿಯಾಗಿ ಹಿಡಿದು ಕೂತಳು. ಅವ್ವ ಅವನ್ನು ಬಿಡಿಸಿಕೊಳ್ಳಬೇಕಾಯಿತು.

ಆ ಕಾಯಿ ಒಲೆ ಏರಲಿಲ್ಲ. ಅಂದಿನಿಂದ ಅಕ್ಕ ಹೆರುವ ತನಕ ಅತ್ತೆ ಅನ್ನ ಮುಟ್ಟಲಿಲ್ಲ. ಹಾಲು, ಬಾಳೆಹಣ್ಣಿನ ಮೇಲಿದ್ದಳು. ಕೊನೆಗೆ ಒಳಗಿನಿಂದ ಕೂಸು ಒಮ್ಮೆ ಅತ್ತದ್ದು ಕೇಳಿಸಿತು. ಸೂಲಗಿತ್ತಿ ಬಾಗಿಲು ಸರಿಸಿ, ಗಂಡು, ಇಬ್ಬರೂ ಚಲೋ ಇದ್ದಾರೆ ಎಂದಾಗ ಎಲ್ಲರೂ ಎದ್ದರು. ಹೊಸ್ತಿಲ ಬಳಿ ಕೂತಿದ್ದ ಅತ್ತೆ ಮಾತ್ರ ಏಳಲಿಲ್ಲ.

“ಇನ್ನೊಮ್ಮೆ ಅಳಸವಾ ಅದನ್ನ,” ಎಂದಳು. “ನಾ ಕೇಳಬೇಕು.”