ಅಕ್ಕನ ತಪಸಿ ಮರ

ನಮ್ಮಕ್ಕನ ಕೈ ವಾಸನೆಗೆ ಮನೆಗೆ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ತಪಸಿ ಮರದ ಎಲೆ ಜಜ್ಜಿದಾಗ ಬರುವ ನಾತ ಅದು; ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. "ವಾಸ್ನೆ ನಂಗಿರ್ಲಿ, ನೋವು ನಿಂಗ್ ಹೋಗ್ಲಿ. ಕಾಲ್ ನೀಡು" ಎನ್ನುತ್ತಿದ್ದಳು.

ಕುಂದೂರಿನ ಆಚೆ ನಮ್ಮದು ಸಣ್ಣ ಕಾಫಿ ತೋಟ. ಗಂಡ ತೀರಿಕೊಂಡ ಮೇಲೆ ಅಕ್ಕ, ಊರಿಗೆಲ್ಲ ಗೌರಕ್ಕ, ನನ್ನ ಜೊತೆಗೇ ಇದ್ದಳು. ತೋಟದ ಬೇಲಿಯಂಚಿನಲ್ಲಿ ಆ ಮರ. ಬೂದು ತೊಗಟೆ, ಚಳಿಗೆ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತಿತ್ತು. ಶಿವರಾತ್ರಿ ಕಳೆಯುತ್ತಿದ್ದಂತೆ, ಚಿಗುರುವ ಮೊದಲೇ ಗೊಂಚಲು ಗೊಂಚಲು ಕಾಯಿ: ನಡುವೆ ಬೀಜ, ಸುತ್ತ ಕಾಗದದಂಥ ರೆಕ್ಕೆ. ಒಣಗಿದ ಮೇಲೆ ಅಂಗಳದ ತುಂಬ ಹಾರಿ ಬರುತ್ತಿದ್ದವು.

ಅಕ್ಕ ತೊಗಟೆ ಬೇಯಿಸಿ ಹಿಂಡುವಳು. ಆ ಅಂಟು ರಸವನ್ನು ಊದಿದ ಮಂಡಿಗೆ ಹಚ್ಚಿ, ಉಳಿದ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಅದರ ಮೇಲೆಯೇ ಉದುರಿಸುವಳು. ಹುಳುಕಡ್ಡಿಗೆ ಎಲೆಯ ರಸ. "ಡಾಕ್ಟ್ರು ಕೊಟ್ಟ ಮಾತ್ರೆ ಬುಡಬ್ಯಾಡ, ಇದೂ ಒಂದಿರ್ಲಿ" ಎಂದು ಎಲ್ಲರಿಗೂ ಹೇಳುವಳು. ತೊಗಟೆಯನ್ನು ಮಾತ್ರ ಇನ್ನೊಬ್ಬರ ಕೈಯಲ್ಲಿ ತೆಗೆಸುತ್ತಿರಲಿಲ್ಲ. ಒಂದು ವರ್ಷ ಮೂಡಲ ಕಡೆ ಗೇಣಗಲ, ಮುಂದಿನ ವರ್ಷ ಪಡುವಲ ಕಡೆ. ಗಾಯಕ್ಕೆ ಸಗಣಿ ಮೆತ್ತುವಳು. "ಸುತ್ತ ಬಿಡಿಸಿದ್ರೆ ಮರದ ಕುತ್ತಿಗೆ ಕುಯ್ದಂಗೆ ಕಣೇ."

ಹೋದ ದೀಪಾವಳಿ ಆದಮೇಲೆ ಅಂಗಳದಲ್ಲಿ ಜಾರಿ ಅವಳ ಸೊಂಟ ಮುರಿಯಿತು. ಆಪರೇಷನ್ ಆದರೂ ಎದ್ದು ನಡೆಯಲಿಲ್ಲ. ಮಂಚವನ್ನು ಕಿಟಕಿಗೆ ಒತ್ತಿ ಹಾಕಿದೆ. ಕಾಫಿ ಗಿಡಗಳ ಮೇಲೆ ಮರದ ನೆತ್ತಿ ಕಾಣುತ್ತಿತ್ತು, ಬೊಡ್ಡೆ ಕಾಣುತ್ತಿರಲಿಲ್ಲ. ನಮ್ಮ ಕಡೆ ಕಾಡಾನೆ ಕಾಟ; ಆನೆ ಎಲ್ಲಿದೆಯೆಂದು ಅರಣ್ಯ ಇಲಾಖೆಯ ಮೆಸೇಜು ಮೊಬೈಲಿಗೆ ಬಂದ ಮೇಲೆಯೇ ನಾವು ಬಾಗಿಲು ತೆಗೆಯುವುದು. ಅವಳು ಮಂಚದ ಮೇಲೆ, ನಾನು ಮಂಚದ ಪಕ್ಕ.

ಅಕ್ಕ ಮಲಗಿದ್ದರೂ ಜನರ ಮಂಡಿ ನೋವು ನಿಲ್ಲಲಿಲ್ಲ. ಬಂದವರು ತಾವೇ ಕತ್ತಿ ಹಾಕಿದರು. ಒಂದು ದಿನ ಬೇಲಿಯ ಕಡೆ ಹೋಗಿ ನೋಡಿದೆ. ಎದೆಯೆತ್ತರದಲ್ಲಿ ಸುತ್ತಲೂ ತೊಗಟೆ ಇರಲಿಲ್ಲ. ಸಗಣಿ ಮೆತ್ತಿ ಗೋಣಿ ಸುತ್ತಿ ಬಂದೆ. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ.

"ಕುರ್ಚಿ ಮೇಲೆ ಕೂರ್ಸಿ ಹೊತ್ಕೊಂಡು ಹೋಗ್ರೋ. ಮರ ಮುಟ್ಟಿ ಬತ್ತೀನಿ" ಎಂದು ಅವಳು ಹಟ ಹಿಡಿದಳು. ಪಕ್ಕದ ತೋಟದ ಶೇಖರ, ನಾನು ಕಣ್ಸನ್ನೆ ಮಾಡಿದ್ದರಿಂದ, "ಆನೆ ನಿಂತೈತೆ ಕಣಕ್ಕ ಅಲ್ಲಿ" ಎಂದ. ಮತ್ತೆ ಕೇಳಿದಾಗಲೂ ಅದೇ ಆನೆ. ಕೊನೆಗೆ ಅಕ್ಕ ಅವನನ್ನೇ ದಿಟ್ಟಿಸಿದಳು.

"ಅಲ್ವೋ ಮಾರಾಯ, ಸಂಕ್ರಾಂತಿಯಿಂದ ಒಂದೇ ಆನೆ ಒಂದೇ ಕಡೆ ನಿಂತೈತಲ್ಲ, ಅದಕ್ಕೂ ಸೊಂಟ ಮುರ್ದೈತಾ?"

ಶೇಖರ ನಗಲಾರದೆ ಹೊರಗೆ ಹೋದ.

ಆ ಸಲ ಕಾಯಿ ವಿಪರೀತ. ಕೊಂಬೆಯೇ ಕಾಣದಷ್ಟು. ಬಂದವರೆಲ್ಲ ಮರ ಚೆನ್ನಾಗಿದೆ ಎಂದರು; ಸಾಯುವ ಮರವೇ ಹೀಗೆ ಕಾಯಿ ಸುರಿಸುವುದೆಂದು ಬಲ್ಲ ಅಕ್ಕ ಕೊಂಬೆಗಳನ್ನೇ ನೋಡುತ್ತಿದ್ದಳು. ಕಾಯಿ ಹಾರಿ ಮುಗಿದ ಮೇಲೆ ಚಿಗುರು ಕಣ್ಣು ಬಿಟ್ಟು, ಅಲ್ಲೇ ಸುರುಟಿಕೊಂಡಿತು. ಬೇರೆ ಮರಗಳೆಲ್ಲ ಹಸಿರಾಗಿದ್ದವು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು:

"ಸುತ್ತ ಬಿಡಿಸ್ಬುಟ್ರೇನೇ?"

ನಾನು ಹೂಂ ಎಂದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. "ಯಾರ್ದೋ ಏನೋ ಪಾಪ. ಮಂಡಿ ವಾಸಿಯಾಯ್ತಂತಾ?" ಎಂದಳು.

ಮಳೆ ಹಿಡಿಯುವ ಮೊದಲು ಅಕ್ಕ ಹೋದಳು. ಮರ ಒಣಗಿ ನಿಂತಿದೆ. ಅದರ ಕಾಯಿಗಳು ಕೆಲವು ಅವಳ ಕಿಟಕಿಯ ಸೊಳ್ಳೆ ಜಾಲರಿಗೆ ಸಿಕ್ಕಿಕೊಂಡಿವೆ. ಗಾಳಿ ಬಂದರೆ ಪಟಪಟ ಎನ್ನುತ್ತವೆ, ಬಿಡಿಸಿಕೊಂಡು ಹೋಗುವುದಿಲ್ಲ. ಜಾಲರಿ ಒರೆಸಲು ನನಗೂ ಕೈ ಬಂದಿಲ್ಲ.