ಕೆ.ಆರ್. ಪುರದಲ್ಲಿ ಇಳಿಯದ ಅಕ್ಕ

ಮೇಲ್ ಗಾಡಿ ಅನ್ನುವುದು ಈಗ ಬರೀ ಹೆಸರಿಗೆ. ಟಪಾಲು ಹೊತ್ತು ಓಡಿದ ಕಾಲ ಯಾವತ್ತೋ ಹೋಯಿತು. ಈಗ ಹೊರುವುದೆಲ್ಲ ಗೊರಕೆ ಹೊಡೆಯುವ ಜನರನ್ನು. ಅದರ ಎ.ಸಿ. ಬೋಗಿಯಲ್ಲಿ ಮುನಿರಾಜು ಅಟೆಂಡರ್. ಚೆನ್ನೈನಲ್ಲಿ ಹೊದಿಕೆ ಹಂಚುವುದು, ಬೆಳಗಾಗುತ್ತಲೇ ಬೆಂಗಳೂರಿನಲ್ಲಿ ಇಳಿಯುವವರನ್ನು ಎಬ್ಬಿಸುವುದು ಅವನ ಕೆಲಸ. ಅದಕ್ಕೂ ಒಂದು ಕಟ್ಟುಪಾಡಿದೆ: ಮೈ ಮುಟ್ಟಬಾರದು, ಬರ್ತಿನ ಕಂಬಿ ತಟ್ಟಬೇಕು. ಊರನ್ನೆಲ್ಲ ಎಚ್ಚರ ಮಾಡುವ ಈ ಪುಣ್ಯಾತ್ಮ ಲಿಂಗರಾಜಪುರದ ತನ್ನ ಕೋಣೆಗೆ ಹೋದರೆ, ಉಂಡೆಯಾ ಅಂತ ಕೇಳಲು ಒಂದು ನರಪಿಳ್ಳೆಯೂ ಇಲ್ಲ.

ಇದ್ದವಳು ಅಕ್ಕ ಒಬ್ಬಳೇ, ಕೆ.ಆರ್. ಪುರದ ಗಂಗಲಕ್ಷ್ಮಮ್ಮ. ಅಮ್ಮನಿಗೆ ಕೊನೆಗಾಲ ಬಂದಾಗ ಅಕ್ಕ, "ಇವತ್ತೊಂದಿನ ಹೋಗ್ಬೇಡ ಕಣೋ" ಅಂದಿದ್ದಳು. ಇವನು ಡ್ಯೂಟಿ ಅಂತ ಹೋದ. ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಂದಿನಿಂದ ಅಕ್ಕ ಮಾತು ಬಿಟ್ಟಳು.

ಮೊನ್ನೆ ಅದೇ ಅಕ್ಕ ಅವನ ಬೋಗಿಯನ್ನೇ ಹತ್ತಬೇಕೇ! ಹೊದಿಕೆ ಕೊಟ್ಟರೆ ತೆಗೆದುಕೊಂಡಳು, ಮುಖ ನೋಡಲಿಲ್ಲ.

ಕೆ.ಆರ್. ಪುರ ಹತ್ತಿರವಾದಾಗ ಮುನಿರಾಜು ಅವಳ ಬರ್ತಿನ ಪಕ್ಕ ನಿಂತ. ಅಕ್ಕ ಮುಸುಕು ಹಾಕಿ ಮಲಗಿದ್ದಳು. ಕೈ ಕಂಬಿಯವರೆಗೂ ಹೋಗಿತ್ತು, ಅಷ್ಟರಲ್ಲಿ ತಲೆಗೊಂದು ಹುಚ್ಚು ಹೊಕ್ಕಿತು. ಎಬ್ಬಿಸದಿದ್ದರೆ ಅವಳು ಮುಂದಿನ ಸ್ಟೇಷನ್ ಕಂಟೋನ್ಮೆಂಟಿನಲ್ಲಿ ಇಳಿಯಬೇಕು. ಬೋಗಿಯನ್ನು ಜೊತೆಗಾರನಿಗೆ ಒಪ್ಪಿಸಿ ತಾನೂ ಇಳಿದು, ಅಲ್ಲೇ ಹತ್ತಿರವಿರುವ ತನ್ನ ಕೋಣೆಗೆ ಕರೆದುಕೊಂಡು ಹೋಗಿ ಒಂದು ಲೋಟ ಕಾಫಿ ಕೊಡಬಹುದು. ಗಾಡಿ ನಿಂತಿತು, ಹೊರಟಿತು. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ಅವನು ಬೇಕೆಂದೇ ಒಬ್ಬರನ್ನು ಮಲಗಲು ಬಿಟ್ಟಿದ್ದ. ಸಂತೋಷದಲ್ಲಿ, ಮಡಚಿಟ್ಟ ಹೊದಿಕೆಯನ್ನೇ ಮತ್ತೊಮ್ಮೆ ಮಡಚಿಟ್ಟ.

ಕಂಟೋನ್ಮೆಂಟ್ ಬಂದಾಗ, ಅವನು ತಟ್ಟುವ ಮೊದಲೇ ಅಕ್ಕ ಎದ್ದು ಸೆರಗು ಸರಿಮಾಡಿಕೊಂಡು ಚೀಲ ಎತ್ತಿಕೊಂಡಳು.

"ಅಕ್ಕ, ನಿದ್ದೆ ಮಾಡ್ತಿದ್ದೆ ಅಂತ..." ಅವನು ತಡವರಿಸಿದ.

"ಎಲ್ಲಿ ನಿದ್ದೆ? ಎಚ್ಚರವಾಗೇ ಇದ್ದೆ. ನೀನು ಬಂದು ನಿಂತಿದ್ದೂ ಗೊತ್ತು. ಇವತ್ತಾದ್ರೂ ಅಕ್ಕ ಅಂತ ಕರೀತೀಯೇನೋ ಅಂತ ಕಾಯ್ತಾ ಮಲಗಿದ್ದೆ. ನೀನು ಸುಮ್ನೆ ಹೋಗ್ಬಿಟ್ಟೆ."

ಬೇಕೆಂದೇ ಎಬ್ಬಿಸಲಿಲ್ಲ, ಇನ್ನೊಂದು ಚೂರು ಹೊತ್ತು ಜೊತೆಗಿರಲಿ ಅಂತ ಎಬ್ಬಿಸಲಿಲ್ಲ. ಹೇಳಬೇಕಾದದ್ದು ಇಷ್ಟೇ. ಅದನ್ನು ಬಿಟ್ಟು ಅವಳ ಚೀಲಕ್ಕೆ ಕೈ ಚಾಚಿದ. ಅವಳು ಇಳಿದು, ಹಿಂದಿರುಗಿ ನೋಡದೆ ಆಟೋಗಳ ಕಡೆ ನಡೆದಳು. ಗಾಡಿ ಜಗ್ಗಿ ಹೊರಟಾಗ ಮುನಿರಾಜು ಇನ್ನೂ ಅವಳ ಖಾಲಿ ಬರ್ತಿನ ಮುಂದೆಯೇ ನಿಂತಿದ್ದ.